ಆರಿಸಿದ ಬೀಡಿ

ಮಲ್ಲಪ್ಪ, ಆ ಬೆಂಕಿ ಹತ್ತಿದ್ದು ನಿನ್ನ ಬೀಡಿಯಿಂದ ಅಲ್ಲ. ನನ್ನ ಕೈಯಿಂದ. ಹನ್ನೊಂದು ವರ್ಷ ಈ ಮಾತನ್ನು ಗಂಟಲಲ್ಲೇ ಇಟ್ಟುಕೊಂಡಿದ್ದೆ— ಇವತ್ತು ಬರೆಯುತ್ತಿದ್ದೇನೆ, ಎದುರಿಗೆ ಕೂತು ಹೇಳುವ ಧೈರ್ಯ ಇನ್ನೂ ಪೂರಾ ಬಂದಿಲ್ಲ.

ಮರಾಠಿ ಸೀಮೆಯ ಕೋಥರೂಡದ ಆ ಗ್ಯಾರೇಜಿನಲ್ಲಿ ನಾವಿಬ್ಬರೇ ಕನ್ನಡದವರು. ನೀನು ಯಾದಗಿರಿ ಕಡೆಯಿಂದ ಬಂದು ಮೂರು ತಿಂಗಳೂ ಆಗಿರಲಿಲ್ಲ. ವಯಸ್ಸಿನಲ್ಲಿ ನನಗಿಂತ ದೊಡ್ಡವನಾದರೂ ನನ್ನನ್ನು ಅಣ್ಣ ಎನ್ನುತ್ತಿದ್ದೆ, ಏಕೆಂದರೆ ವಯರಿಂಗ್ ಕೆಲಸ ನನಗೆ ಬರುತ್ತಿತ್ತು. ಅದೇ ನನ್ನ ಸೊಕ್ಕು. ಕರೆಂಟು ಬರುತ್ತಿದೆಯೇ ಎಂದು ನೋಡಲು ಬೇರೆಯವರು ಟೆಸ್ಟ್ ಬಲ್ಬು ಹಚ್ಚುತ್ತಿದ್ದರು. ನಾನು ವಯರಿನ ತುದಿಯನ್ನು ಗಾಡಿಯ ಕಬ್ಬಿಣದ ಮೈಗೆ ತಾಗಿಸುತ್ತಿದ್ದೆ— ಕಿಡಿ ಹಾರಿದರೆ ಕರೆಂಟು ಇದೆ, ಇಲ್ಲದಿದ್ದರೆ ಇಲ್ಲ. ಬಲ್ಬು ಹುಡುಕುವವರನ್ನು ಕಂಡರೆ ನಗುತ್ತಿದ್ದೆ.

ಆ ಮಧ್ಯಾಹ್ನ ಬಂದ ಸ್ಕೂಟರಿನ ಹಾರ್ನ್ ಕ್ಷೀಣ, ಇಂಡಿಕೇಟರ್ ಮಂಕು, ಪೆಟ್ರೋಲ್ ಮುಳ್ಳು ಯಾವಾಗಲೂ ಖಾಲಿಯಲ್ಲೇ. ಬ್ಯಾಟರಿಯ ಟರ್ಮಿನಲ್ ತಿಕ್ಕಿ, ಸಡಿಲಾದ ವಯರ್ ಬಿಗಿ ಮಾಡಿದ ಮೇಲೆ ಹಾರ್ನೂ ಇಂಡಿಕೇಟರೂ ಸರಿಹೋದವು. ಮುಳ್ಳು ಮಾತ್ರ ಏಳಲಿಲ್ಲ. ಪೆಟ್ರೋಲ್ ಎಷ್ಟಿದೆಯೆಂದು ಮುಳ್ಳಿಗೆ ತಿಳಿಸುವ, ಟ್ಯಾಂಕಿನೊಳಗಿನ ಫ್ಲೋಟನ್ನು ಬಿಚ್ಚಿ ಹೊರಗೆ ತೆಗೆದು, ಕೈಯಿಂದ ಮೇಲೆ ಕೆಳಗೆ ಆಡಿಸಿದೆ. ಊಹೂಂ. ಅದಕ್ಕೆ ಕರೆಂಟೇ ಬರುತ್ತಿಲ್ಲವೇನೋ ಅನ್ನಿಸಿತು.

ನೀನು ಹೊರಗೆ ಬೀಡಿ ಸೇದುತ್ತಿದ್ದೆ. "ಮಲ್ಲಪ್ಪ, ಟಾರ್ಚ್ ತಗೊಂಡ ಬಾ, ಒಳಗ ಪೆಟ್ರೋಲ್ ಎಷ್ಟ ಅದ ನೋಡು" ಎಂದೆ. ನೀನು ಬೀಡಿಯನ್ನು ಬಾಗಿಲಲ್ಲಿ ಎಸೆದು, ಚಪ್ಪಲಿಯಿಂದ ತಿಕ್ಕಿ ಆರಿಸಿ, ಒಳಗೆ ಬಂದೆ. ನಾನು ಅದನ್ನು ಕಣ್ಣಾರೆ ನೋಡಿದೆ.

ತೆರೆದ ಟ್ಯಾಂಕಿನ ಬಾಯಿಯ ಮೇಲೆ ನೀನು ಬಗ್ಗಿದ್ದಾಗ ನಾನು ಫ್ಲೋಟಿನ ವಯರನ್ನು ಗಾಡಿಯ ಮೈಗೆ ತಾಗಿಸಿದೆ. ಕೈಗೆ ರೂಢಿಯಾಗಿತ್ತು— ಇಲ್ಲ, ರೂಢಿ ಎಂದು ಹೇಳಿ ಜಾರಿಕೊಳ್ಳಲಾರೆ. ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಕಿಡಿ ಹಾರಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು.

ಅಕ್ಕಪಕ್ಕದವರು ಮರಳು ಎರಚಿ ಬೆಂಕಿ ಆರಿಸಿದರು. ನನ್ನ ಮುಂಗೈ ಒಂದಿಷ್ಟು ಸುಟ್ಟಿತು. ನಿನ್ನ ಎರಡೂ ಕೈ... ಮಾಲೀಕ ಓಡಿಬಂದು ಏನಾಯಿತೆಂದು ಕೇಳಿದಾಗ ನೀನು ನೆಲದ ಮೇಲೆ ನರಳುತ್ತಿದ್ದೆ. ನಾನು ಮರಾಠಿಯಲ್ಲಿ ಹೇಳಿದೆ: "ತೋ ಬಿಡೀ ಓಢತ ಹೋತಾ." ಅವನು ಬೀಡಿ ಸೇದುತ್ತಿದ್ದ— ಅಷ್ಟೇ. ಬಾಗಿಲಲ್ಲಿ ಬಿದ್ದಿದ್ದ ತುಂಡನ್ನು ಎಲ್ಲರೂ ನೋಡಿದರು. ಬೇರೆ ಸಾಕ್ಷಿ ಯಾರಿಗೂ ಬೇಕಾಗಲಿಲ್ಲ.

ನೀನಾದರೂ ಇಲ್ಲ ಎನ್ನುತ್ತೀಯ ಎಂದು ಹೆದರಿದ್ದೆ— ಒಳಗೊಳಗೆ ಅದನ್ನೇ ಕಾಯುತ್ತಲೂ ಇದ್ದೆ. ಆಸ್ಪತ್ರೆಗೆ ಬಂದರೆ ನೀನು ಪಟ್ಟಿ ಸುತ್ತಿದ ಕೈಗಳನ್ನೆತ್ತಿ ಮುಗಿಯಲು ನೋಡಿದೆ. "ತಪ್ಪಾತ್ರಿ ಅಣ್ಣ. ಬೀಡಿ ಆರಿಸಿದ್ನೊ ಇಲ್ಲೊ, ನೆನಪ ಇಲ್ರಿ. ನನ್ನಿಂದ ನಿಮ್ಮ ಕೈನೂ ಸುಟ್ಟಿತು. ಕ್ಷಮಾ ಮಾಡ್ರಿ."

"ಆಗಿದ್ದು ಆಗಿಹೋತು. ಮನಸಿಗೆ ಹಚ್ಕೋಬ್ಯಾಡ" ಎಂದೆ. ನಿನ್ನನ್ನು ಕ್ಷಮಿಸಿದೆ, ಮಲ್ಲಪ್ಪ. ನಾನು. ಥೂ.

ನಿನ್ನ ಬೆರಳುಗಳು ಮತ್ತೆ ಬಿಡಿಸಿಕೊಳ್ಳಲಿಲ್ಲ. ನಟ್ಟು ತಿರುಗಿಸುವ ಪಾನಾ ಹಿಡಿಯಲಾಗದೆ ಗ್ಯಾರೇಜು ಬಿಟ್ಟು, ದೇಹೂ ರೋಡಿನ ಕಡೆ ಗೋದಾಮು ಕಾಯುವ ಕೆಲಸಕ್ಕೆ ಸೇರಿದೆ. ಹೋದ ತಿಂಗಳು ನಿನ್ನ ಮನೆಗೆ ಬಂದಿದ್ದೆನಲ್ಲ, ನಿನ್ನ ಹೆಂಡತಿ ಶರಣಮ್ಮ ರೊಟ್ಟಿ ಮುರಿದು ನಿನ್ನ ಬಾಯಿಗಿಡುತ್ತ ಹೇಳಿದಳು: "ಒಂದ ಬೀಡಿ ಚಟಕ್ಕ ಎರಡೂ ಕೈ ಕಳಕೊಂಡಾರ್ರಿ. ಇಷ್ಟ ವರ್ಷಾತು, ನನ್ನ ಸಿಟ್ಟು ಇನ್ನಾ ಇಳಿದಿಲ್ಲ ನೋಡ್ರಿ." ನೀನು ತಲೆ ತಗ್ಗಿಸಿ ಅಗಿಯುತ್ತಿದ್ದೆ. ಆ ಒಂದು ಕ್ಷಣದಲ್ಲಿ ಹೇಳಬಹುದಿತ್ತು. ನಾನು ಇನ್ನೊಂದಿಷ್ಟು ಪಲ್ಯ ಹಾಕಿಸಿಕೊಂಡೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಅದೂ ತಪ್ಪಿಸಿಕೊಳ್ಳುವ ದಾರಿಯೇ. ಭಾನುವಾರ ಬರುತ್ತೇನೆ. ನಿನ್ನೆದುರಿಗೇ ಮೊದಲು ಶರಣಮ್ಮನಿಗೆ ಹೇಳುತ್ತೇನೆ— ನಿನ್ನ ಗಂಡ ಬೀಡಿ ಆರಿಸಿದ್ದ ಎಂದು. ಕ್ಷಮೆ ಮಾತ್ರ ಕೇಳುವುದಿಲ್ಲ. ತಪ್ಪೇ ಮಾಡದ ನೀನು ಅದನ್ನು ಕೇಳಿದಾಗ, ದೊಡ್ಡ ಮನುಷ್ಯನ ಹಾಗೆ ಕೊಟ್ಟು ಎದ್ದುಬಂದವನು ನಾನು.