ಮದುಮಗಳ ಮುಖಕ್ಕೆ ನಾನು ಕೊಟ್ಟ ಟ್ಯೂಬು

ನನ್ನ ಚೀಲದಲ್ಲಿ ಮೊಬೈಲ್ ಇಲ್ಲದೆ ಇದ್ದೀತು, ತುರಿಕೆಯ ಟ್ಯೂಬು ಇಲ್ಲದೆ ಇರುತ್ತಿರಲಿಲ್ಲ. ನಮ್ಮ ಪುತ್ತೂರಿನ ದರ್ಬೆಯ ಮೆಡಿಕಲ್ ಅಂಗಡಿಯೊಂದರಲ್ಲಿ ಡಾಕ್ಟರ ಚೀಟಿ ಕೇಳದೆಯೇ ಕೊಡುತ್ತಿದ್ದರು. ಮಳೆಗಾಲದಲ್ಲಿ ಬಟ್ಟೆ ಒಣಗದೆ ಗಂಡನ ತೊಡೆಸಂದಿಯಲ್ಲಿ ಗಜಕರ್ಣ ಎದ್ದರೂ ಅದೇ, ನನಗೆ ನುಸಿ ಕಚ್ಚಿದರೂ ಅದೇ. ಒಬ್ಬರು ಹಚ್ಚಿ ಇನ್ನೊಬ್ಬರಿಗೆ ದಾಟಿಸುವುದು, ಎಲೆಯಡಿಕೆಯ ತಟ್ಟೆಯ ಹಾಗೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಮಗೆ ಡಾಕ್ಟರು ಕೊಟ್ಟದ್ದೂ ಮದ್ದಲ್ಲ, ಟ್ಯೂಬೇ ಮದ್ದು!

ಅಕ್ಕನ ಮಗಳಿಗೆ ಮದುವೆ ನಿಶ್ಚಯವಾದಾಗ ಕೆನ್ನೆಯಲ್ಲಿ ನಾಲ್ಕು ಮೊಡವೆ. "ಎಂತ ಮಾರಾಯ್ತಿ, ಇಷ್ಟಕ್ಕೆಲ್ಲ ಅಳುದಾ?" ಎಂದು ಟ್ಯೂಬು ಕೈಗಿಟ್ಟೆ. ವಾರದಲ್ಲಿ ಮುಖ ಬೆಳ್ಳಗೆ, ನುಣ್ಣಗೆ. ನನ್ನ ಜಂಬ ಕೇಳಬೇಡಿ! ಎರಡು ತಿಂಗಳು ಬಿಡದೆ ಹಚ್ಚಿದಳು. ನಿಲ್ಲಿಸಿದ್ದೇ ತಡ, ಮುಖವಿಡೀ ಕೆಂಪು, ಉರಿ, ಮೊದಲಿನ ದುಪ್ಪಟ್ಟು ಗುಳ್ಳೆ. ಮದುವೆಗೆ ಉಳಿದದ್ದು ಮೂರೇ ವಾರ.

ಸುಳ್ಯದ ಚರ್ಮದ ಡಾಕ್ಟರರ ಹತ್ತಿರ ನಾನೇ ಕರೆದುಕೊಂಡು ಹೋದೆ. "ಇದನ್ನು ಕೊಟ್ಟದ್ದು ಯಾರು?" ಎಂದರು. ಹುಡುಗಿ ನೆಲ ನೋಡಿದಳು.

"ನಾನೇ," ಎಂದೆ. ನಾಚಿಕೆಯಿಂದ ಸತ್ತೇಹೋದೆ.

"ಚರ್ಮದ ಮೇಲೆ ನಮಗೆ ಬೇಕಾದ ಸೂಕ್ಷ್ಮಜೀವಿಗಳೂ ಉಂಟು ಅಮ್ಮಾ. ಬೇಡದವನ್ನು ಹದ್ದುಬಸ್ತಿನಲ್ಲಿ ಇಡುದು ಅವೇ. ಈ ಟ್ಯೂಬಿನಲ್ಲಿ ಅವನ್ನೂ ಕೊಲ್ಲುವ ಮದ್ದು ಉಂಟು, ಚರ್ಮ ತೆಳು ಮಾಡುವ ಸ್ಟಿರಾಯ್ಡೂ ಉಂಟು. ತೋಟಕ್ಕೆ ಕಳೆನಾಶಕ ಬಿಟ್ಟ ಮೇಲೆ ಮೊದಲು ಏಳುದು ಯಾವುದು?"

"ಕಳೆಯೇ," ಎಂದೆ. ಅಷ್ಟಾದರೂ ಗೊತ್ತಿತ್ತು.

ಮದುವೆಯೊಳಗೆ ಪೂರ್ತಿ ಗುಣವಾಗುವುದಿಲ್ಲ, ಮೇಕಪ್ಪೂ ಕೂಡದು ಎಂದರು. ಪುತ್ತೂರಿನ ಬಸ್ಸಿನಲ್ಲಿ ಹುಡುಗಿ, "ಅವರ ಮನೆಯವರು ಎಂತ ಹೇಳಿಯಾರು ಚಿಕ್ಕಮ್ಮ?" ಎಂದು ಅತ್ತಳು.

ಮದುವೆಯ ದಿನ ಆ ಕೆಂಪು ಮುಖದಲ್ಲೇ ಮಂಟಪದಲ್ಲಿ ಕೂತಳು. ಹರಸಲು ಬಂದವರೆಲ್ಲ ಕೆನ್ನೆ ನೋಡುವವರೇ, "ಎಂತಾಯ್ತು?" ಎನ್ನುವವರೇ. ಅವಳು ಬಾಯಿ ತೆರೆಯುವ ಮೊದಲೇ ನಾನು ಪಕ್ಕದಿಂದ, "ಹಾಳು ಮಾಡಿದ್ದು ನಾನು, ಸಿಕ್ಕಿದ ಟ್ಯೂಬು ಕೊಟ್ಟು; ಈಗ ಸುಳ್ಯದ ಡಾಕ್ಟ್ರ ಮದ್ದು," ಎನ್ನುತ್ತಿದ್ದೆ. ಅಕ್ಕ ಕಣ್ಣು ಬಿಟ್ಟಳು. ಬಿಡಲಿ.

ಊಟದ ಹೊತ್ತಿಗೆ ಮದುಮಗನ ತಾಯಿ ನನ್ನನ್ನು ಕೈತೊಳೆಯುವ ಜಾಗಕ್ಕೆ ಕರೆದರು. ಬೈಗುಳ ಗ್ಯಾರಂಟಿ ಎಂದುಕೊಂಡೆ. ಅವರು ಆಚೀಚೆ ನೋಡಿ ಸೆರಗಿನ ತುದಿಯಿಂದ ತಮ್ಮ ಕೆನ್ನೆಯ ಪೌಡರು ಒರೆಸಿದರು. ಅಡಿಯಲ್ಲಿ ಅದೇ ಕೆಂಪು.

"ಆ ಡಾಕ್ಟ್ರು ಯಾವ ದಿನ ಸಿಗುದು ಮಾರಾಯ್ರೆ? ನಾನು ಎಂಟು ವರ್ಷದಿಂದ ಅಂಥದ್ದೇ ಟ್ಯೂಬು ಹಚ್ಚುದು."

ಮುಂದಿನ ಸೋಮವಾರ ಅತ್ತೆ, ಸೊಸೆ ಒಂದೇ ಬಸ್ಸಿನಲ್ಲಿ ಸುಳ್ಯಕ್ಕೆ ಹೋದರು.