ಗೇಣಿಗೆ ಬಾರದ ಬಂಗಡೆ

ಹಾಜಿರಾಬಿ ಸಮುದ್ರ ನೋಡಿದವಳಲ್ಲ. ಗುತ್ತಲದಲ್ಲಿ ಹುಟ್ಟಿ, ಅದೇ ಊರಿನ ನಬಿಸಾಬನನ್ನು ಮದುವೆಯಾಗಿ, ತುಂಗಭದ್ರೆಗಿಂತ ದೊಡ್ಡ ನೀರು ಕಾಣದೆ ಅರವತ್ತು ದಾಟಿದ ಹೆಂಗಸು. ಆದರೆ ನಲವತ್ತು ವರ್ಷ ಹಾವೇರಿ ಸಂತೆಯಲ್ಲಿ ಒಣಮೀನು ಮಾರಿದ್ದರಿಂದ ಸಮುದ್ರದ ಸಮಾಚಾರ ದಂಡೆಯ ಮೇಲಿದ್ದವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಚೀಲದ ಬಾಯಿ ಬಿಚ್ಚಿದರೆ ಸಾಕು.

ಅವಳ ಹತ್ತಿರ ತಕ್ಕಡಿ ಇರಲಿಲ್ಲ. ತಕ್ಕಡಿಯಲ್ಲಿ ಉಪ್ಪೂ ತೂಗುತ್ತದೆ, ಉಸುಕೂ ತೂಗುತ್ತದೆ ಎಂಬುದು ಅವಳ ವಾದ. ಬಂಗಡೆ ಮೀನನ್ನು ಎಣಿಸಿ ಕೊಡುವಳು, ಐದಕ್ಕೆ ಒಂದು ಕೈ. ಒಂದೊಂದು ಮೀನೂ ಅವಳ ಗೇಣಿನಷ್ಟು ಉದ್ದವಿರಬೇಕು. ಕಡಿಮೆ ಬಿದ್ದದ್ದನ್ನು ಚೀಲಕ್ಕೆ ತಿರುಗಿ ಒಗೆದು, ತಂದವನ ಮೋರೆಗೂ ನಾಲ್ಕು ಮಾತು ಒಗೆಯುತ್ತಿದ್ದಳು. ಗಿರಾಕಿಗಳ ಮೇಲೂ ಅವಳ ಗೌರವ ಅಷ್ಟಕ್ಕಷ್ಟೇ. ಬೆಳಿಗ್ಗೆ ಅವಳ ಮುಂದೆ ಮೂಗಿಗೆ ಸೆರಗು ಹಿಡಿದು ದಾಟಿ, ಸಂಜೆ ಕೆಲಸದವಳ ಕೈಯಲ್ಲಿ ಮೀನು ತರಿಸಿಕೊಳ್ಳುವ ಮನೆಗಳು ಯಾವ ಓಣಿಯಲ್ಲಿವೆ ಎಂದು ಅವಳಿಗೆ ತಿಳಿದಿತ್ತು. ಬಾಯಿ ಬಿಡದೆ ಇದ್ದದ್ದು ವ್ಯಾಪಾರ ಕೆಡಬಾರದೆಂದು, ಅವರ ಮಾನ ಉಳಿಸಲಿಕ್ಕಲ್ಲ.

ಎರಡು ಸಾವಿರದ ಆರರ ಬೇಸಿಗೆ. ಮಳೆಗಾಲಕ್ಕೆಂದು ಜನ ಒಣಮೀನು ಕೊಂಡು ಕಟ್ಟಿಡುವ ಹೊತ್ತು. ಅಂಕೋಲೆ ಕಡೆಯಿಂದ ಲಾರಿ ತರುವ ಸುನೀಲಕುಮಾರ ಇಳಿಸಿದ ಚೀಲದಲ್ಲಿ ಮೇಲಿನ ಎರಡು ಪದರು ಮಾತ್ರ ಬಂಗಡೆ, ಕೆಳಗೆಲ್ಲ ಬೆರಳುದ್ದದ ಮರಿ. ದೊಡ್ಡ ಬೋಟಿನವರು ಈಗ ಸೊಳ್ಳೆಪರದೆಯಂಥ ಬಲೆ ಬಿಟ್ಟು ಸಿಕ್ಕಿದ್ದನ್ನೆಲ್ಲ ಗೋರುತ್ತಾರೆ, ಮೋಟೆಬೆನ್ನೂರಿನ ಆಚೆ ಶಶಿಕಾಂತ ಸಾವ್ಕಾರರ ಕೋಳಿಮೇವಿನ ಗಿರಣಿಗೇ ವಾರಕ್ಕೆ ಮೂರು ಲಾರಿ ಹೋಗುತ್ತದೆ ಎಂದು ಅವನು ಸಮಜಾಯಿಷಿ ಕೊಟ್ಟ. ಪುಡಿಯಾಗುವ ಮಾಲಿಗೆ ಉದ್ದ ಕಟ್ಟಿಕೊಂಡು ಏನಾಗಬೇಕು?

ಹಾಜಿರಾಬಿ ಆ ಚೀಲ ವಾಪಸು ಕಳಿಸಿದಳು. ಮುಂದಿನ ಸಂತೆಗೂ ಅದೇ ಮಾಲು ಬಂತು, ಅದೂ ವಾಪಸು ಹೋಯಿತು. ಆದರೆ ಮೀನಿನ ಸಾಲಿಗೆ ಒಂದು ಕಟ್ಟಳೆಯಿತ್ತು: ಒಬ್ಬರು ಹಾಸುವ ಗೋಣಿತಟ್ಟು ಸತತ ಮೂರು ಸಂತೆ ಖಾಲಿ ಬಿದ್ದರೆ ಆ ಜಾಗ ಪಕ್ಕದವರದು. ಪಕ್ಕದಲ್ಲಿ ಕೂಡ್ರುವ ಜಯವ್ವ ಮರಿಮೀನಿನ ರಾಶಿ ಹಾಕಿ, ಗಿರಾಕಿಗಳಿಗೆ ಬೊಗಸೆಯಲ್ಲಿ ತುಂಬಿಕೊಡುತ್ತ, ಕಣ್ಣಂಚಿನಲ್ಲೇ ಸಂತೆ ಎಣಿಸುತ್ತಿದ್ದಳು. ಎರಡು ಮುಗಿದಿದ್ದವು.

ಮೂರನೆಯ ಸಂತೆಯ ಹಿಂದಿನ ದಿನ ಹಾಜಿರಾಬಿ ಬಸ್ಸು ಹತ್ತಿ ಗಿರಣಿಗೆ ಹೋದಳು. ಅಷ್ಟೊಂದು ಮೀನು ಬೀಳುವ ಜಾಗದಲ್ಲಿ ಗೇಣುದ್ದದವು ಒಂದು ಬುಟ್ಟಿಯಾದರೂ ಸಿಕ್ಕಾವೆಂದು ಅವಳ ಆಸೆ.

ಶಶಿಕಾಂತ ರಾಣೆಬೆನ್ನೂರಿನ ಬೀಜದ ವ್ಯಾಪಾರಸ್ಥರ ಮನೆಯವನು. ಸೋಮವಾರ ಮೊಟ್ಟೆಯ ಹೆಸರನ್ನೂ ಎತ್ತುವವನಲ್ಲ. ಒಣಮೀನಿನ ವಾಸನೆಗೆ ಊರಿನ ಮಾನ ಹೋಗುತ್ತಿದೆ, ಆ ಸಾಲನ್ನು ಊರ ಹೊರಗೆ ಹಾಕಿರಿ ಎಂಬ ಅರ್ಜಿಗೆ ಹೋದ ವರ್ಷ ಮೊದಲ ಸಹಿ ಅವನದೇ. ಗಿರಣಿಯ ಆಫೀಸಿನಲ್ಲಿ ಎರಡು ಊದಿನಕಡ್ಡಿ ಸದಾ ಉರಿಯುತ್ತಿದ್ದವು. ಹಿಂದೆ ಅಂಗಳದಲ್ಲಿ ಆಳೆತ್ತರ ಒಟ್ಟಿದ್ದ ಸತ್ತ ಮರಿಗಳಿಗೆ ಅವನು ಮೀನು ಅನ್ನುತ್ತಿರಲಿಲ್ಲ, ಪ್ರೋಟೀನು ಅನ್ನುತ್ತಿದ್ದ. ಹಾಗೆ ಅಂದರೆ ಮಡಿ ಕೆಡುವುದಿಲ್ಲ.

ಹಾಜಿರಾಬಿ ರಾಶಿಯಿಂದ ಒಂದು ಹಿಡಿ ತಂದು ಅವನ ಮೇಜಿನ ಮೇಲೆ ಇಟ್ಟಳು. ಅವನು ಕುರ್ಚಿ ಹಿಂದಕ್ಕೆ ಸರಿಸಿ ಮೂಗಿಗೆ ಕರವಸ್ತ್ರ ಹಿಡಿದ.

"ಸಾವ್ಕಾರ್ರ, ನೀವು ಬೀಜ ಮಾರಿ ಮ್ಯಾಲ ಬಂದ ಮನಿಯವ್ರು. ಬಿತ್ತೋ ಬೀಜ ಬೀಸಿ ರೊಟ್ಟಿ ಬಡದಿದ್ರ ನಿಮ್ಮಪ್ಪಾರು ಏನ ಅಂತಿದ್ರು?"

"ಅಲ್ಲಬೇ, ಸಮುದ್ರ ಅಂದ್ರ ನಿಮ್ಮನಿ ಕಾಳಿನ ಹಗೇವು ಏನ, ತಳಾ ಕಾಣಾಕ? ಹೊಲದಾಗಿನ ಬೀಜಕ್ಕ ಬಿತ್ತಿದಾವ ಒಬ್ಬ ಇರ್ತಾನ. ಸಮುದ್ರದಾಗ ಬಿತ್ತಿದಾವ ಯಾರ ಅದಾನ ತೋರ್ಸು, ಅವಂಗೂ ರೊಕ್ಕಾ ಎಣಸ್ತೇನಿ."

ಗಿರಣಿಯ ಗುಮಾಸ್ತ ನಕ್ಕ. ಸಂಬಳ ಅವನದೂ ಅಲ್ಲಿಂದಲೇ ಬರುತ್ತಿತ್ತು.

ಆಮೇಲೆ ಶಶಿಕಾಂತ ಉದಾರಿಯಾದ. ಬೇಕಾದಷ್ಟು ಆರಿಸಿಕೋ, ಪುಕ್ಕಟೆ ಎಂದ. ಹಾಜಿರಾಬಿ ಬಿಸಿಲಲ್ಲಿ ಕುಳಿತು ರಾಶಿಯನ್ನು ಕೆದರಿದಳು. ಬೆರಳಿನಷ್ಟು ಬಂಗಡೆ, ಉಗುರಿನಷ್ಟು ಏಡಿ, ತತ್ತಿ ಹೊತ್ತೇ ಒಣಗಿದ ತಾರ್ಲಿ, ನಲವತ್ತು ವರ್ಷದಲ್ಲಿ ಅವಳು ಹೆಸರೇ ಕೇಳದ ಹುಳಹುಪ್ಪಡಿ. ನಾಲ್ಕು ತಾಸಿಗೆ ಗೇಣುದ್ದದವು ಸಿಕ್ಕಿದ್ದು ಹನ್ನೊಂದು. ಹೊರಡುವಾಗ ಅವನು ಮರಿಮೀನಿನ ಒಂದು ಚೀಲವನ್ನೂ ಬಸ್ಸಿಗೆ ಹಾಕಿಸಿದ. ಬೇಡ ಅನ್ನಬೇಕೆಂದು ಅವಳಿಗೆ ಅನಿಸಿತು. ಅನ್ನಲಿಲ್ಲ.

ಮರುದಿನ ತಟ್ಟಿನ ಮೇಲೆ ಹನ್ನೊಂದನ್ನು ಸಾಲಾಗಿ ಇಟ್ಟಳು. ಚೀಲ ಬೆನ್ನ ಹಿಂದೆ, ಬಾಯಿ ಕಟ್ಟಿಯೇ ಇತ್ತು; ಹೆಣಿಗೆಯ ಸಂದಿಯಿಂದ ಮರಿಗಳ ಬಾಲ ಮಾತ್ರ ಇಣುಕುತ್ತಿದ್ದವು. ಜನ ಬಂದರು, ರೇಟು ಕೇಳಿದರು, ಜಯವ್ವನ ರಾಶಿಯತ್ತ ಹೊರಳಿದರು. ಹುರಿದು ಚಟ್ನಿ ಕುಟ್ಟುವವರಿಗೆ ಉದ್ದ, ಗಿಡ್ಡ ಎಲ್ಲಾ ಒಂದೇ. ಹನ್ನೆರಡು ಗಂಟೆಗೆ ನಲಿನಿ ಬಂದಳು. ಬ್ಯಾಂಕಿನವರ ಹೆಂಡತಿ, ಇಪ್ಪತ್ತು ವರ್ಷದ ಗಿರಾಕಿ. ಹಾಜಿರಾಬಿ ಉಸಿರು ಬಿಟ್ಟಳು: ಈಕೆಗೆ ಮೀನು ಗೊತ್ತು.

ನಲಿನಿ ಹನ್ನೊಂದನ್ನೂ ಹೊರಳಿಸಿ ನೋಡಿ ಕೆಳಗಿಟ್ಟಳು.

"ದೊಡ್ಡುವು ಮುಳ್ಳ ಭಾಳ ಇರ್ತಾವ್ರಿ. ಹಿಂದಿನ ಚೀಲದಾಗ ಸಣ್ಣುವು ಅದಾವಲ್ಲ, ಅವನ್ನ ಕೊಡ್ರಿ. ಮಿದು ಇರ್ತಾವ."

ಜಯವ್ವ ಈ ಕಡೆ ತಿರುಗಿ ಕುಳಿತಿದ್ದಳು. ಹಾಜಿರಾಬಿ ಚೀಲ ಬಿಚ್ಚಿದಳು.

ಎರಡು ಗಂಟೆಗೆ ಚೀಲ ಬರಿದಾಯಿತು. ಅಷ್ಟು ಲಗೂ ಅವಳ ಮಾಲು ಎಂದೂ ಖರ್ಚಾಗಿರಲಿಲ್ಲ. ಕೊಂಡವರೆಲ್ಲ ಈ ಸಲ ಮಾಲು ಚಲೋ ತಂದೀರಿ ಎಂದು ಹೊಗಳಿ ಹೋದರು. ಮುಂದೆ ಹನ್ನೊಂದು ಬಂಗಡೆ ಮುಟ್ಟಿದವರಿಲ್ಲದೆ ಬಿದ್ದಿದ್ದವು.

"ಬಿಡಕ್ಕಾ, ಜಾಗಾ ಉಳೀತಲ್ಲ," ಎಂದಳು ಜಯವ್ವ. ದನಿಯಲ್ಲಿ ಸಂತೋಷವೇನೂ ಇರಲಿಲ್ಲ.

"ನಲವತ್ತ ವರ್ಷ ಮೀನ ಮಾರೇನಿ. ಇವತ್ತ ಇನ್ನೂ ಮೀನ ಆಗದ್ದನ್ನ ಮಾರೇನಿ, ಅದಕ್ಕ ಎಲ್ಲಾರೂ ಶಭಾಷ್ ಅಂದ್ರು. ಇಂಥವರ ಮುಂದ ಕುಂದ್ರಾಕ ನಿನಗ ಹೊಂದತೈತಿ. ಜಾಗಾ ನೀನ ಇಟ್ಕೊ."

ಒಂದು ಸಲ ಬೇಡ ಅನ್ನುವುದು ರೀತಿ. ಜಯವ್ವ ಅಷ್ಟೂ ಅನ್ನಲಿಲ್ಲ. ಹಾಜಿರಾಬಿ ಎದ್ದು ಚಪ್ಪಲಿ ಮೆಟ್ಟುವಷ್ಟರಲ್ಲಿ ಜಯವ್ವನ ತಟ್ಟು ಅವಳ ಜಾಗದ ಅರ್ಧಕ್ಕೆ ಬಂದಿತ್ತು.