ಗಾಜಿನೊಳಗೆ ನಿಂತ ಪಟ್ಟದ ಗೊಂಬೆಗಳು

ಕೋಲ್ಕತ್ತದ ನಮ್ಮ ಕನ್ನಡ ಸಂಘಕ್ಕೆ ಒಂದು ಮ್ಯೂಸಿಯಂ ಬೇಕೆಂದು ತೀರ್ಮಾನವಾದ ಸಭೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಬಾಯಿ ಬಿಡದೆ ಕೂತಿದ್ದೆ. ಬಾಯಿ ಬಿಡದವರ ತಲೆಗೇ ಕೆಲಸ ಕಟ್ಟುವುದು ಸಂಘಗಳ ಪದ್ಧತಿ. ಬ್ಯಾಂಕಿನಿಂದ ನಿವೃತ್ತರಾಗಿದ್ದ, ಧಾರವಾಡದ ಕಡೆಯ ಅಧ್ಯಕ್ಷರು ಸಭೆಯ ಮೇಲೆಲ್ಲ ಕಣ್ಣಾಡಿಸಿ ಕೊನೆಗೆ ನನ್ನನ್ನು ಹಿಡಿದರು.

"ಅಕ್ಕಾವ್ರ, ಇದನ್ನ ನೀವ ನೋಡ್ಕೋರಿ. ಉಳಿದವ್ರಿಗೆ ಮನಿ, ಮಕ್ಕಳು, ಹತ್ತೆಂಟು ತಾಪತ್ರಯ. ನಿಮಗೇನ್ರಿ, ಒಬ್ರ ಇದ್ದೀರಿ."

ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ನಾನು ಮದುವೆಯಾಗಲಿಲ್ಲ. ಅಪ್ಪ ಸಿಯಾಲ್ದಾದ ರೈಲ್ವೆ ಕಚೇರಿಯಲ್ಲಿದ್ದವರು, ಹೋಗಿ ಬಹಳ ವರ್ಷವಾಗಿತ್ತು. ಅಮ್ಮ ತೀರಿಕೊಂಡ ಮೇಲೆ ಊರಿನ ಉತ್ತರ ಅಂಚಿನ ಬಾರಾನಗರದ ಮನೆಯಲ್ಲಿ ನಾನೊಬ್ಬಳೇ ಉಳಿದಿದ್ದೆ. ಆದರೆ ಒಂಟಿಯಾಗಿರುವುದನ್ನು ಬಿಡುವಾಗಿರುವುದು ಎಂದು ಜನ ತಿಳಿಯುವುದು ನನಗೆ ಮೈಯುರಿಯುವ ಸಂಗತಿ. ಒಬ್ಬಳಿಗೂ ಅಕ್ಕಿ ತೊಳೆಯಬೇಕು, ಒಬ್ಬಳಿಗೂ ನಲ್ಲಿ ಕೆಟ್ಟರೆ ಪ್ಲಂಬರನ ಬೆನ್ನು ಹತ್ತಬೇಕು. ಇಷ್ಟೆಲ್ಲ ಮನಸ್ಸಿನಲ್ಲೇ ಅಂದುಕೊಂಡು, ಬಾಯಲ್ಲಿ ಮಾತ್ರ "ಆಗಲಿ" ಎಂದೆ.

ಅದು ಊರೆಲ್ಲ ಸಾಫ್ಟ್‌ವೇರ್ ಎನ್ನುತ್ತಿದ್ದ ಕಾಲ. ಸಾಲ್ಟ್ ಲೇಕ್‌ನಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಬೆಂಗಳೂರಿನಿಂದ ಹೊಸ ಜೋಡಿಗಳು ಎರಡು ಸೂಟ್‌ಕೇಸ್ ಹಿಡಿದು ಬಂದಿಳಿಯುತ್ತಿದ್ದರು. ಅದೇ ಹೊತ್ತಿಗೆ ರೈಲ್ವೆಗೆ, ಸರ್ಕಾರಿ ನೌಕರಿಗೆ ಎಂದು ಯಾವಾಗಲೋ ಬಂದಿದ್ದ ಹಳೆಯ ಕುಟುಂಬಗಳು ನಿವೃತ್ತಿಯಾಗಿ ಊರಿಗೆ ಮರಳುತ್ತಿದ್ದವು. ಹೋಗುವಾಗ ಹೊರಲಾಗದ ಸಾಮಾನನ್ನು ಹಳೇ ಪಾತ್ರೆಯವನಿಗೆ ತೂಕಕ್ಕೆ ಹಾಕುತ್ತಿದ್ದರು. ನಾವು ಈ ಊರಿನಲ್ಲಿ ಬಾಳಿದ್ದಕ್ಕೆ ಒಂದು ಗುರುತಾದರೂ ಇರಲಿ ಎಂಬುದು ಸಂಘದ ಆಸೆ. ಸಂಘದ ಹಾಲ್‌ನ ಹಿಂದೆ ಮಡಚುವ ಕುರ್ಚಿಗಳನ್ನು ಪೇರಿಸಿಟ್ಟಿದ್ದ ಕೋಣೆಯೇ ಮ್ಯೂಸಿಯಂ ಆಯಿತು.

ಭಾನುವಾರ ಭಾನುವಾರ ನಾನು ಮನೆ ಮನೆಗೆ ಹೋದೆ. ಸಿಕ್ಕಿದ್ದು ಬರೀ ರುಬ್ಬುವ ಕಲ್ಲು! ಮಿಕ್ಸಿ ಬಂದ ಮೇಲೆ ಎಲ್ಲರ ಬಾಲ್ಕನಿಯಲ್ಲೂ ಒಂದೊಂದು ಕಾಲಿಗೆ ತೊಡರುತ್ತಿತ್ತು. ಮ್ಯೂಸಿಯಂ ಎಂದ ಕೂಡಲೇ ಎಲ್ಲರಿಗೂ ಪರಂಪರೆಯ ಮೇಲೆ ಪ್ರೀತಿ ಉಕ್ಕಿ ಬಂತು. ಉಡುಪಿ ಕಡೆಯ ಹೋಟೆಲಿನವರೊಬ್ಬರು ತಮ್ಮ ದೊಡ್ಡ ಕಲ್ಲನ್ನು ಕೈಗಾಡಿಯಲ್ಲಿ ಕಳಿಸಿಯೇಬಿಟ್ಟರು. ಅದು ಬಾಗಿಲು ದಾಟದೆ ಹೊರಗಡೆಯೇ ಉಳಿಯಿತು. ಮನಸ್ಸಿಗೆ ಹತ್ತಿರವಾದದ್ದನ್ನು ಮಾತ್ರ ಯಾರೂ ಕೊಡಲಿಲ್ಲ. ತೋರಿಸುತ್ತಿದ್ದರು, ನಾನು ಕೈ ಚಾಚುವ ಮೊದಲೇ ಡಬ್ಬಿಯ ಮುಚ್ಚಳ ಹಾಕುತ್ತಿದ್ದರು. ನನಗೆ ಬೇಸರವೇನೂ ಆಗುತ್ತಿರಲಿಲ್ಲ. ವಾರವಿಡೀ ಕಚೇರಿಯಲ್ಲಿ ಹಿಂದಿ, ಬಸ್ಸಿನಲ್ಲಿ ಬಂಗಾಳಿ ಆಡಿದವಳಿಗೆ ಯಾರದೋ ಅಡುಗೆಮನೆಯಲ್ಲಿ ಕೂತು "ಇನ್ನೊಂಚೂರು ಹಾಕ್ಲಾ?" ಎಂಬ ಮಾತು ಕೇಳುವುದೇ ಸಾಕಾಗಿತ್ತು. ಕಲ್ಲು ಸಿಗಲಿ ಬಿಡಲಿ, ಕಾಫಿ ಸಿಗುತ್ತಿತ್ತು.

ಕೆಲವು ತಿಂಗಳಾದ ಮೇಲೆ ಅಧ್ಯಕ್ಷರು ಬಂದು ಕೋಣೆಯನ್ನು ನೋಡಿ ಹಣೆ ಚಚ್ಚಿಕೊಂಡರು.

"ಇದೇನ್ರಿ, ಕಲ್ಲಿನ ಗೋದಾಮು ಆತಲ್ಲ! ನಿಮ್ಮ ತಾಯಿಯವರ ಪಟ್ಟದ ಗೊಂಬಿ ಅದಾವಲ್ಲ, ಅವನ್ನರೆ ಕೊಡ್ರಿ. ಮಂದಿ ನೋಡೂ ಹಂಗ ಏನರೆ ಇರಬೇಕಲ್ರಿ."

ಪಟ್ಟದ ಗೊಂಬೆ ಎಂದರೆ ಮರದ ರಾಜ, ರಾಣಿ. ಮೈಸೂರು ಕಡೆ ಮದುವೆಯಲ್ಲಿ ತಾಯಿ ಮಗಳಿಗೆ ಕೊಟ್ಟು ಕಳಿಸುವ ಜೋಡಿ. ನವರಾತ್ರಿಯ ಮೊದಲ ದಿನ ಮೆಟ್ಟಿಲು ಕಟ್ಟಿ, ಬಿಳಿ ಬಟ್ಟೆ ಹಾಸಿ, ಎಲ್ಲಕ್ಕಿಂತ ಮೇಲೆ ಇವರಿಬ್ಬರನ್ನು ನಿಲ್ಲಿಸಬೇಕು. ಉಳಿದ ಗೊಂಬೆಗಳೆಲ್ಲ ಇವರ ಕೆಳಗೆ. ದಿನವೂ ಸಂಜೆ ಆರತಿ, ಬಂದ ಹೆಂಗಸರಿಗೆ ಅರಿಶಿನ ಕುಂಕುಮ, ಮಕ್ಕಳಿಗೆ ಗೊಂಬೆ ಬಾಗಿನವೆಂದು ತಿಂಡಿ. ವಿಜಯದಶಮಿಯ ಸಂಜೆ ಕೊನೆಯ ಆರತಿ ಮಾಡಿ, ಹಾಡು ಹೇಳಿ, ರಾಜ ರಾಣಿಯನ್ನು ಮಲಗಿಸಬೇಕು. ಆ ಸಂಜೆ ದಾಟಿದ ಮೇಲೂ ಅವರನ್ನು ನಿಲ್ಲಿಸಿ ಇಡುವುದನ್ನು ಅಮ್ಮನಿಗೆ ಊಹಿಸಿಕೊಳ್ಳಲೂ ಆಗುತ್ತಿರಲಿಲ್ಲ. ಮಲಗಿಸಿಯಾದ ಮೇಲೆಯೇ ಅವಳು ನೀರು ಕುಡಿಯುತ್ತಿದ್ದಳು.

ಅಮ್ಮ ಇದ್ದಾಗ ನಮ್ಮ ಮನೆಗೆ ಆ ಸಂಜೆಗಳಲ್ಲಿ ಪಾಡಾದ, ಎಂದರೆ ನಮ್ಮ ಓಣಿಯ, ಬಂಗಾಳಿ ಹೆಂಗಸರೂ ಬರುತ್ತಿದ್ದರು. ಹೊರಗೆ ದುರ್ಗಾ ಪೂಜೆಯ ಢಾಕ್ ಡೋಲು ಬಡಿಯುತ್ತಿರುತ್ತಿತ್ತು, ಒಳಗೆ "ಮಾಶಿಮಾ, ಇವರು ಯಾವ ರಾಜ?" ಎಂದು ಅವರು ಅಮ್ಮನನ್ನು ಕೇಳುತ್ತಿದ್ದರು. ಅಮ್ಮ ತನ್ನ ಮುರುಕು ಬಂಗಾಳಿಯಲ್ಲಿ ವರ್ಷಕ್ಕೊಂದು ಹೊಸ ಕಥೆ ಹೇಳುತ್ತಿದ್ದಳು. ಅಮ್ಮ ತೀರಿಕೊಂಡ ವರ್ಷ ಸೂತಕವೆಂದು ಗೊಂಬೆ ಕೂರಿಸಲಿಲ್ಲ. ಮರುವರ್ಷ ಕೂರಿಸಿದೆ, ಎಲ್ಲರಿಗೂ ಫೋನ್ ಮಾಡಿದೆ. ಸಂಘದವರು ಪೂಜಾ ರಜೆಗೆ ಊರಿಗೆ ಹೋಗಿದ್ದರು. ಸಾಲ್ಟ್ ಲೇಕ್‌ನವರು ದುರ್ಗೆಯ ಪ್ಯಾಂಡಲ್ ನೋಡಲು ಹೊರಟಿದ್ದರು. ಪಾಡಾದ ಹಳಬರಲ್ಲಿ ಮೆಟ್ಟಿಲು ಹತ್ತಲಾಗುವವರು ಯಾರೂ ಉಳಿದಿರಲಿಲ್ಲ. ಕಡಲೆ ಉಸಲಿಯನ್ನು ಒಬ್ಬಳೇ ಮೂರು ಹೊತ್ತೂ ತಿಂದೆ. ದಶಮಿಯ ಸಂಜೆ ಹಾಡು ಹೇಳುವ ಮನಸ್ಸೂ ಬಾರದೆ, ಬರೀ ಆರತಿ ಮಾಡಿ ಇಬ್ಬರನ್ನೂ ಮಲಗಿಸಿದೆ. ಅಷ್ಟು ಸಂಕಟ ಅಮ್ಮ ಹೋದ ದಿನವೂ ಆಗಿರಲಿಲ್ಲ.

ಹಾಗಾಗಿ ಅಧ್ಯಕ್ಷರ ಮಾತು ನನ್ನನ್ನು ಬಹಳ ದಿನ ಕೊರೆಯಿತು. ಕೊಟ್ಟರೆ ನನ್ನ ಮನೆಯಲ್ಲಿ ದಸರಾ ಇಲ್ಲ. ಕೊಡದಿದ್ದರೆ ಅವನ್ನು ನೋಡುವವರಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾನು ಕಣ್ಣು ಮುಚ್ಚಿದ ಮೇಲೆ ಬಾಗಿಲು ಒಡೆದು ಬರುವವರು ಅವೆರಡನ್ನೂ ಎತ್ತಿ ಹಳೇ ಸಾಮಾನಿನವನ ಚೀಲಕ್ಕೆ ಎಸೆಯುತ್ತಾರೆ ಎಂಬ ಹೆದರಿಕೆ. ಆ ಹೆದರಿಕೆಯೇ ಗೆದ್ದಿತು. ವಿಜಯದಶಮಿಗೆ ಮಲಗಿಸಲೇಬೇಕು ಎಂಬ ಒಂದೇ ಷರತ್ತು ಹಾಕಿ ಕೊಟ್ಟೆ. "ಅದಕ್ಕೇನ್ರಿ, ಮಲಗಸೂಣಂತ" ಎಂದರು ಅಧ್ಯಕ್ಷರು.

ಗಾಜಿನ ಪೆಟ್ಟಿಗೆ ಬಂತು. ಒಳಗೊಂದು ಪುಟ್ಟ ಬಲ್ಬು ಉರಿಯಿತು. ಕೆಳಗೆ ದಪ್ಪ ಅಕ್ಷರದ ಫಲಕ: ಮೈಸೂರು ಪಟ್ಟದ ಗೊಂಬೆಗಳು, ಬಾರಾನಗರದ ಒಂದು ಕನ್ನಡ ಮನೆಯಲ್ಲಿ ಬಹುಕಾಲ ಕೂರಿಸುತ್ತಿದ್ದವು. ಭಾನುವಾರ ಕೋಣೆ ತೆರೆದು ನಾನು ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದೆ. ಜನ ಬಂದು ನೋಡುತ್ತಿದ್ದರು. ಫೋಟೋ ತೆಗೆಯುತ್ತಿದ್ದರು. ಮನೆಗೆ ಯಾರೂ ಬಾರದ ಗೊಂಬೆಗೆ ಇಷ್ಟು ಜನ ಬಂದರಲ್ಲ ಎಂದು ನನಗೆ ಸಂತೋಷವೇ ಆಗಿತ್ತು.

ಆ ವರ್ಷ ಪೂಜಾ ರಜೆಯ ವಿಚಾರ ಸಭೆಗೆ ಬಂತು. ಮಹಾಲಯದ ಮರುದಿನದಿಂದ ಹುಣ್ಣಿಮೆಯ ಲಕ್ಷ್ಮೀ ಪೂಜೆಯವರೆಗೆ ಸಂಘಕ್ಕೆ ಬೀಗ. ಅದು ಪ್ರತಿ ವರ್ಷದ ರೂಢಿ, ಎಲ್ಲರೂ ತಲೆಯಾಡಿಸಿದೆವು. ಮಹಾಲಯದ ಮರುದಿನ ಬೆಳಿಗ್ಗೆ ಮನೆ ಗುಡಿಸುವಾಗ ಹೊಳೆಯಿತು, ಇವತ್ತು ಪಾಡ್ಯ, ಗೊಂಬೆ ಕೂರಿಸುವ ದಿನ ಎಂದು. ದಸರಾ ಗೊಂಬೆ ಇಟ್ಟುಕೊಂಡ ಮ್ಯೂಸಿಯಂಗೆ ದಸರೆಗೇ ರಜೆ! ಅಷ್ಟು ಜನ ಮೈಸೂರಿನವರು, ಹುಬ್ಬಳ್ಳಿಯವರು, ಮಂಗಳೂರಿನವರು ಕೂತ ಸಭೆಯಲ್ಲಿ ಒಬ್ಬರಿಗೂ ಅದು ತಲೆಗೆ ಹೋಗಿರಲಿಲ್ಲ. ನಮಗೆ ಅದು ಪೂಜಾ ರಜೆ, ಅಷ್ಟೆ. ನಾವು ಅಷ್ಟರಮಟ್ಟಿಗೆ ಈ ಊರಿನವರಾಗಿದ್ದೆವು. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ಪೊರಕೆ ಹಿಡಿದು ನಿಂತಿದ್ದೆ.

ವಿಜಯದಶಮಿಯ ಮಧ್ಯಾಹ್ನ ತಡೆಯಲಾಗಲಿಲ್ಲ. ಬಸ್ ಹಿಡಿದು ಸಂಘಕ್ಕೆ ಹೋದೆ. ದಾರಿಯುದ್ದಕ್ಕೂ ದುರ್ಗೆಯರು ಲಾರಿ ಹತ್ತಿ ಗಂಗೆಯ ಕಡೆ ಹೊರಟಿದ್ದರು, ಹೆಂಗಸರ ಕೆನ್ನೆಯ ತುಂಬ ಸಿಂಧೂರ. ದರ್‌ವಾನ್ ಗೇಟು ತೆಗೆದ, ಕೋಣೆಯನ್ನೂ ತೆಗೆದ. ಗಾಜಿನ ಪೆಟ್ಟಿಗೆಯ ಕೀಲಿ ಮಾತ್ರ ಅಧ್ಯಕ್ಷರ ಬಳಿಯಿತ್ತು, ಅಧ್ಯಕ್ಷರು ಧಾರವಾಡದಲ್ಲಿದ್ದರು. ಮೊಬೈಲಿನಲ್ಲಿ ಹಿಡಿದೆ.

"ಗೊಂಬೆ ಮಲಗಿಸ್ಬೇಕು. ಕೀಲಿ ಎಲ್ಲಿಟ್ಟಿದ್ದೀರಿ?"

"ಅಯ್ಯ, ಅದು ನನ್ನ ಬ್ಯಾಗಿನಾಗ ಇಲ್ಲೇ ಬಂದದ ನೋಡ್ರಿ" ಎಂದರು. ಆಮೇಲೆ ನಗುತ್ತ ಸೇರಿಸಿದರು: "ಅಕ್ಕಾವ್ರ, ಮನ್ಯಾಗ ಇದ್ದಾಗ ಅವು ದೇವ್ರ ಸಮಾನ. ಮ್ಯೂಸಿಯಂಗೆ ಬಂದ ಮ್ಯಾಲೆ ಸಾಮಾನು. ನಿಂತಿರ್ತಾವ ತಗೋರಿ, ಅವಕ್ಕೇನು ಕಾಲು ನೋಯ್ತಾವೇನು?"

ಒಳ್ಳೆಯ ಮನುಷ್ಯ, ಕೆಟ್ಟದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಲ್ಲ. ಆದರೂ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಫೋನ್ ಇಟ್ಟು ಗಾಜಿನ ಮುಂದೆ ನಿಂತೆ. ಅಮ್ಮ ತನ್ನ ಮದುವೆ ಸೀರೆಯ ಅಂಚಿನಿಂದ ಹೊಲಿದ ರಾಣಿಯ ಸೀರೆ ಬಲ್ಬಿನ ಬೆಳಕಿಗೆ ಆಗಲೇ ಮಾಸತೊಡಗಿತ್ತು. ಬೇರೇನೂ ಮಾಡಲು ತೋಚದೆ ರಜೆಗೆ ಹೋಗುವಾಗ ಯಾರೂ ಆರಿಸಿರದ ಆ ಬಲ್ಬನ್ನು ಗೋಡೆಯ ಸ್ವಿಚ್ಚಿನಿಂದ ಆರಿಸಿದೆ. ದರ್‌ವಾನ್ ನನ್ನ ಮುಖ ನೋಡಿ ಚಹಾ ತರಿಸಲೇ ಎಂದು ಕೇಳಿದ, ಬೇಡವೆಂದೆ.

ರಜೆ ಮುಗಿಯಿತು, ಕೀಲಿ ಮೇಜಿನ ಡ್ರಾಯರಿಗೆ ವಾಪಸು ಬಂತು. ತಿಥಿ ಕಳೆದ ಮೇಲೆ ಮಲಗಿಸಿ ಏನು ಫಲ ಎಂದು ನಾನೂ ಸುಮ್ಮನಿದ್ದೆ. ಕಾರ್ತಿಕದ ಒಂದು ಭಾನುವಾರ ಸಾಲ್ಟ್ ಲೇಕ್‌ನ ಹೊಸಬಳೊಬ್ಬಳು ಪುಟ್ಟ ಮಗಳನ್ನು ಕರೆದುಕೊಂಡು ಬಂದಳು. ನಾನು ಯಾರೆಂದು ಅವಳಿಗೆ ತಿಳಿಯದು, ಕುರ್ಚಿಯಲ್ಲಿ ಕೂತ ಕಾವಲಿನವಳು ಎಂದುಕೊಂಡಿರಬೇಕು. ಮಗು ಗಾಜಿಗೆ ಮೂಗು ಒತ್ತಿತು.

"ಅಮ್ಮಾ, ಈ ಡಾಲ್ಸ್ ಯಾರ್ದು?"

ಅವಳು ಫಲಕ ಓದಿದಳು. "ಬಾರಾನಗರದಲ್ಲಿ ಒಂದು ಮನೆ ಇತ್ತಂತೆ ಪುಟ್ಟಾ, ಅವ್ರದ್ದು."

"ನಾವು ಆ ಹೌಸ್‌ಗೆ ಹೋಗೋಣ?"

"ಇಲ್ಲಮ್ಮ, ಈಗ ಆ ಮನೇಲಿ ಯಾರೂ ಇರಲ್ಲ. ಯಾರಾದ್ರೂ ಇದ್ದಿದ್ರೆ ಗೊಂಬೆ ಇಲ್ಲಿಗೆ ಯಾಕೆ ಬರ್ತಿತ್ತು?"

ಅವರು ಕಲ್ಲುಗಳನ್ನು ನೋಡಿ, ನನಗೆ ನಮಸ್ಕಾರ ಹೇಳಿ, ಹೋದರು. ಅವಳ ತಪ್ಪೇನೂ ಇಲ್ಲ. ಯಾರು ಯೋಚಿಸಿದರೂ ಹಾಗೆಯೇ ಯೋಚಿಸುತ್ತಾರೆ. ನಾನು ಬದುಕಿರುವಾಗಲೇ ನನ್ನ ಮನೆಯನ್ನು ಇಲ್ಲವಾಗಿಸಿ, ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದೆ.

ಡ್ರಾಯರು ಎಳೆದೆ, ಪೆಟ್ಟಿಗೆ ತೆಗೆದೆ, ರಾಜನನ್ನೂ ರಾಣಿಯನ್ನೂ ನನ್ನ ಶಾಲಿನಲ್ಲಿ ಸುತ್ತಿದೆ. ಹೇಳದೆ ಒಯ್ಯುವುದು ಸರಿಯಲ್ಲವೆಂದು ಅಧ್ಯಕ್ಷರಿಗೆ ಫೋನ್ ಮಾಡಿದೆ. ಅವರಿಗೆ ನಿಜವಾಗಿಯೂ ಗಾಬರಿಯಾಯಿತು.

"ಕೊಟ್ಟದ್ದನ್ನ ಹಿಂದಕ್ಕ ತಗೊಳ್ಳೋದು ಎಲ್ಲೀ ಪದ್ಧತಿರಿ? ನಾಳೆ ನಿಮ್ಮ ನಂತರ ಅವುಗಳ ಗತಿ ಏನು, ವಿಚಾರ ಮಾಡೀರಿ?"

"ನಾನು ಹೋದ್ಮೇಲೆ ಬಂದು ತಗೊಂಡ್ಹೋಗಿ. ಈಗಿನ್ನೂ ಇದ್ದೀನಲ್ಲ" ಎಂದೆ.

ಆಮೇಲೆ ಅವರು, "ಹುಷಾರಾಗಿ ಒಯ್ರಿ, ಬಸ್ಸಿನಾಗ ಗದ್ದಲ ಇರ್ತದ" ಎಂದರು.

ಗದ್ದಲವೇನೂ ಇರಲಿಲ್ಲ. ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಶಾಲಿನ ಗಂಟನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಮನೆಯಲ್ಲಿ ಮೆಟ್ಟಿಲು ಕಟ್ಟಲಿಲ್ಲ. ದೇವರ ಮುಂದೆ ಮಣೆ ಹಾಕಿ ಇಬ್ಬರನ್ನೂ ನಿಲ್ಲಿಸಿ, ದೀಪ ಹಚ್ಚಿದೆ. ಆ ತಿಂಗಳಿನಲ್ಲಿ ಯಾರೂ ಗೊಂಬೆಗೆ ಆರತಿ ಮಾಡುವುದಿಲ್ಲ ಎಂದು ಗೊತ್ತಿತ್ತು. ತಪ್ಪು ಎನ್ನಲು ಮನೆಯಲ್ಲಿ ಯಾರಿದ್ದರು?

ತಟ್ಟೆ ಎತ್ತಿ, ಮಲಗಿಸುವ ಹಾಡು ಶುರು ಮಾಡಿದೆ. ಅದನ್ನು ಪ್ರತಿ ವರ್ಷ ಅಮ್ಮನೇ ಹೇಳುತ್ತಿದ್ದಳು, ನಾನು ಹಿಂದೆ ನಿಂತು ಗಂಟೆ ಬಾರಿಸುತ್ತಿದ್ದೆ. ಮೊದಲ ಸಾಲು ಸಲೀಸಾಗಿ ಬಂತು. ಎರಡನೆಯ ಸಾಲು ನನಗೆ ಬರುವುದಿಲ್ಲ ಎಂದು ಆಗ ತಿಳಿಯಿತು. ನೆನಪು ಮಾಡಿಕೊಳ್ಳುತ್ತ ತಟ್ಟೆ ಹಿಡಿದು ನಿಂತೆ, ಬತ್ತಿ ಸಣ್ಣಗಾಗುತ್ತ ಬಂತು. ಕೇಳೋಣವೆಂದರೆ ಈ ಊರಿನಲ್ಲಿ ಆ ಹಾಡು ಗೊತ್ತಿದ್ದವಳು ಅಮ್ಮನೊಬ್ಬಳೇ. ಕೊನೆಗೆ ಮೊದಲ ಸಾಲನ್ನೇ ಮತ್ತೆ ಹೇಳಿ, ಮೊದಲು ರಾಣಿಯನ್ನು, ಆಮೇಲೆ ರಾಜನನ್ನು ಮಲಗಿಸಿದೆ.